ಹುಮನಾಬಾದ್ ಬಸ್ಸಿನ ಬುತ್ತಿ

ನಮ್ಮ ಮನೆಯಿಂದ ಯಾರ ಪಾತ್ರೆಯೂ ಖಾಲಿಯಾಗಿ ವಾಪಸ್ ಹೋದದ್ದನ್ನು ನಾನು ಕಾಣೆ. ನೆರೆಯವರು ಬಟ್ಟಲಲ್ಲಿ ಪಲ್ಯ ಕಳಿಸಿದರೆ ಆ ಬಟ್ಟಲನ್ನು ತೊಳೆದು ಒರೆಸಿ, ತಳದಲ್ಲಿ ಒಂದು ತುಣುಕು ಬೆಲ್ಲವನ್ನೋ, ಒಂದು ಹಿಡಿ ಜೋಳವನ್ನೋ, ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನೋ ಹಾಕಿಯೇ ಕೊಡಬೇಕು. ಇದು ಆಯಿಯ ಕಾನೂನು. ಆಯಿ ಅಂದರೆ ನಮ್ಮಪ್ಪನ ತಾಯಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಅಡುಗೆಮನೆಯ ಮಣ್ಣಿನ ಗೋಡೆಯಲ್ಲಿ ಒಂದು ಗೂಡಿತ್ತು, ಅದರಲ್ಲಿ ಬೆಲ್ಲದ ಪೆಂಟೆ, ಪಕ್ಕದಲ್ಲಿ ಅದನ್ನು ಒಡೆಯುವ ಕಬ್ಬಿಣದ ಗೂಟ. ಬಸವಕಲ್ಯಾಣದ ಆ ಮನೆ ಈಗಿಲ್ಲ. ಕೆಡವಿ ಅಂಗಡಿ ಕಟ್ಟಿದ್ದಾರೆ, ಅಡುಗೆಮನೆ ಇದ್ದ ಜಾಗದಲ್ಲಿ ಒಬ್ಬ ಹುಡುಗ ಮೊಬೈಲ್ ಕವರ್ ಮಾರುತ್ತಾನೆ. ಆದರೂ ಹೈಸ್ಕೂಲಿನ ದಿನಗಳನ್ನು ಬರೆಯೋಣ ಅಂತ ಕೂತರೆ ನನಗೆ ಸಾಲಿಯ ಗಂಟೆ ನೆನಪಾಗುವುದಿಲ್ಲ, ಮಾಸ್ತರರು ನೆನಪಾಗುವುದಿಲ್ಲ. ಆ ಗೂಡು ಕಣ್ಣ ಮುಂದೆ ಬರುತ್ತದೆ. ಅದರ ಮುಂದೆ ತುದಿಗಾಲಲ್ಲಿ ನಿಂತು ಒಳಗೆ ಎಡಗೈ ಹಾಕಿದ ಒಬ್ಬ ಹುಡುಗಿ ಬರುತ್ತಾಳೆ. ಬೆನ್ನಷ್ಟೇ ಕಾಣುತ್ತದೆ, ತಿರುಗುವುದಿಲ್ಲ. ಅವಳ ಹೆಸರು ನೀಲಮ್ಮ, ನಮಗೆಲ್ಲ ನೀಲಾ.

ನಮ್ಮ ಮನೆ ಕಿಲ್ಲೆಯ ಕಡೆ ಹೋಗುವ ಓಣಿಯಲ್ಲಿತ್ತು. ಮುಂದೆ ಬಂಕ, ಅಂದರೆ ಕಟ್ಟಿಗೆ ಕಂಬದ ಜಗಲಿ, ಒಳಗೆ ಪಡಸಾಲೆ, ಅದರಾಚೆ ಅಡುಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ತಟ್ಟೆಯಷ್ಟಗಲ ಒಳಗೆ ಬಿದ್ದು ಮಧ್ಯಾಹ್ನದ ಹೊತ್ತಿಗೆ ಬೀಸುಕಲ್ಲಿನ ಮೇಲೆ ಬರುತ್ತಿತ್ತು. ಅಪ್ಪ ಬಾಜಾರದಲ್ಲಿ ದನಗಳ ಹಗ್ಗ, ಮೂಗುದಾರ, ಕೊರಳ ಗಂಟೆ ಮಾರುತ್ತಿದ್ದ. ಹಾಗಾಗಿ ಮನೆ ತುಂಬ ನಾರಿನ ವಾಸನೆ. ಬಂಕದ ಪಕ್ಕದಲ್ಲಿ ಓಣಿಗೆ ಬಾಗಿಲಿದ್ದ ಒಂದು ಸಣ್ಣ ಖೋಲಿ ಇತ್ತು. ಹೆಣ್ಮಕ್ಕಳ ಹೈಸ್ಕೂಲಿಗೆ ಅಂತ ಹಳ್ಳಿಗಳಿಂದ ಬಂದ ಹುಡುಗಿಯರಿಗೆ ಆಯಿ ಅದನ್ನು ಕೊಡುತ್ತಿದ್ದಳು. ಆ ವರ್ಷಗಳಲ್ಲಿ ಅಲ್ಲಿದ್ದವರು ಇಬ್ಬರು. ಮೋರಖಂಡಿಯ ಶಾಂತಾ, ಹುಮನಾಬಾದಿನಾಚೆ ಚಿಟಗುಪ್ಪದ ದಾರಿಯಲ್ಲಿ ಒಂದು ತಾಂಡಾದಷ್ಟು ಸಣ್ಣ ಊರಿನ ನೀಲಾ. ಮೋರಖಂಡಿ ಎಷ್ಟು ದೂರ? ಶಾಂತಾ ದಿನಾ ಓಡಾಡಬಹುದಿತ್ತು. ಮನೆಯಲ್ಲಿದ್ದರೆ ಎಮ್ಮೆ ಹಿಂಡಾಕ ಹಚ್ಚತಾರ ಅಂತ ಇಲ್ಲೇ ಬಂದು ಕೂತಿದ್ದಳು. ನಾವು ಮೂವರೂ ಒಂದೇ ವರ್ಗ, ಒಂದೇ ಬೆಂಚು. ಮಲಗುವುದು ಮಾತ್ರ ನಾನು ಒಳಗೆ, ಅವರು ಖೋಲಿಯಲ್ಲಿ. ಅದೂ ಹೆಸರಿಗೆ. ಅವ್ವನ ಕಣ್ಣು ತಪ್ಪಿಸಿ ನಾನೂ ಅಲ್ಲಿಗೇ ಹೋಗುತ್ತಿದ್ದೆ.

ಹಳ್ಳಿಯಿಂದ ಬಂದು ಕಲ್ಯಾಣದಲ್ಲಿ ಓದುವವರಿಗೆ ಬುತ್ತಿ ಬಸ್ಸಿನಲ್ಲಿ ಬರುತ್ತಿತ್ತು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ. ತಾಯಂದಿರು ನಸುಕಿನಲ್ಲೆದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಜರ್ಮನ್ ಅನ್ನುವ ಅಲ್ಯೂಮಿನಿಯಂ ಡಬ್ಬಿಯಲ್ಲಿ ತುಂಬಿ, ಬಟ್ಟೆಯಲ್ಲಿ ಕಟ್ಟಿ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವರು. ಅವನು ಡ್ರೈವರನ ಹಿಂದೆ ಗಂಟುಗಳನ್ನು ಒಟ್ಟಿಕೊಂಡು ತರುವನು. ಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳೆಲ್ಲ ಮುತ್ತಿಗೆ ಹಾಕಿ ತಮ್ಮ ತಮ್ಮದನ್ನು ಕಿತ್ತುಕೊಳ್ಳುವರು. ಯಾವುದರ ಮೇಲೂ ಹೆಸರಿಲ್ಲ, ಬಟ್ಟೆ ನೋಡಿ ಗುರುತು ಹಿಡಿಯಬೇಕು. ನೀಲಾಳದು ಹಳೆಯ ಹಸಿರು ಸೀರೆಯ ತುಂಡು, ಕೆಂಪು ದಡಿ. ಅವರ ಮನೆಯಲ್ಲಿ ಕುರಿಹಿಂಡು, ಎರಡು ಎಮ್ಮೆ, ಒಂದಿಷ್ಟು ಹೊಲ. ಡಬ್ಬಿ ಬಿಚ್ಚಿದರೆ ಎಳ್ಳು ಹಚ್ಚಿದ ತೆಳ್ಳನೆಯ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮುತ್ತಲದ ಎಲೆಯಲ್ಲಿ ಒಂದು ಉಂಡೆ ಬೆಣ್ಣೆ. ನನ್ನ ತಾಯಿಯ ಅಡುಗೆಗೆ ಹೆಸರಿಡುವುದು ಪಾಪ, ಆದರೆ ನಾನು ಆ ಡಬ್ಬಿಯ ಆಸೆಗೇ ಖೋಲಿಗೆ ಓಡುತ್ತಿದ್ದೆ ಅನ್ನುವುದು ಖರೇ.

ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸ್ ಹೋಗಬೇಕು. ತೊಳೆಯುವುದು ನೀಲಾ, ಬೆಲ್ಲ ಹಾಕುವುದು ಆಯಿ. ಆದರೆ ನೀಲಾ ಆ ಕೆಲಸವನ್ನೂ ತಾನೇ ಹಿಡಿದಳು. ಗೂಡಿಗೆ ಕೈ ಹಾಕಿ ಒಂದು ತುಣುಕು ತೆಗೆದು, ಅದರ ಒಂದು ಮೂಲೆಯನ್ನು ಕಟಕ್ಕನೆ ಕಚ್ಚಿ, ಉಳಿದದ್ದನ್ನು ಡಬ್ಬಿಗೆ ಹಾಕಿ ಮುಚ್ಚಿದಳು. ಆಯಿ ನೋಡಿಬಿಟ್ಟಳು. ನಮ್ಮ ಮನೆಯಲ್ಲಿ ಎಂಜಲು ಅಂದರೆ ಎಂಥಾ ಮಡಿಯೋ ನಿಮಗೆ ಗೊತ್ತಿಲ್ಲ.

"ಏನ್ ಹುಡುಗಿನೇ ಯವ್ವಾ ನೀ! ಹೆತ್ತ ತಾಯಿಗಿ ಎಂಜಲ ಕಳಸ್ತಿ ಏನ?"

"ಇಡಿ ಬೆಲ್ಲ ಹೋದ್ರ ಯಾರ ಹಾಕ್ಯಾರಂತ ನಮ್ಮವ್ವಗ ಹ್ಯಾಂಗ ಗೊತ್ತಾಗಬೇಕ್ರಿ ಆಯಿ? ನನ್ನ ಹಲ್ಲಿನ ಗುರ್ತ ನೋಡಿದ್ರ ಆಕಿಗಿ ಸಮಾಧಾನ. ಮಗಳು ಉಂಡಾಳ, ಆರಾಮ ಅದಾಳ ಅಂತ."

"ಆ ಎಂಜಲ ಬೆಲ್ಲ ಆಕಿ ಏನ ಮಾಡ್ತಾಳ?"

"ಚಾದಾಗ ಹಾಕ್ಕೊಂಡ ಕುಡೀತಾಳ್ರಿ."

ಆಯಿ ಬಾಯಿ ತೆರೆದವಳು ಬೈಯಲೇ ಇಲ್ಲ, ಸೆರಗು ಬಾಯಿಗೆ ಹಚ್ಚಿ ನಕ್ಕಳು. ಅಂದಿನಿಂದ ಅದೇ ರೂಢಿಯಾಯಿತು. ನೀಲಾ ಇದ್ದಿದ್ದೇ ಹಾಗೆ, ಅವಳಿಗೆ ಇಲ್ಲ ಅನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಕಂಡಕ್ಟರ್ ಸೀಟಿ ಊದುವುದನ್ನು, ಟಗರು ಕೆಮ್ಮುವುದನ್ನು ಅವಳು ಮಾಡಿ ತೋರಿಸಿದರೆ ಶಾಂತಾ ನೆಲದ ಮೇಲೆ ಹೊರಳಿ ನಗುತ್ತಿದ್ದಳು. ಲೆಕ್ಕದಲ್ಲಿ ನೀಲಾ ನಮ್ಮ ವರ್ಗಕ್ಕೇ ಮುಂದು, ನಾನು ಬರೋಬ್ಬರಿ ಹಿಂದು. ಖೋಲಿಯ ಬಾಗಿಲ ಹಿಂಬದಿಯೇ ಅವಳ ಹಲಗೆ. ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿ, "ನೋಡಲೇ ಮಾದೇವಿ, ಇಲ್ಲಿಂದ ಇಲ್ಲಿಗಿ ಜಿಗದ್ರ ಮುಗೀತು, ಇಷ್ಟಕ್ಕ ಯಾಕ ಅಳಾಕತ್ತಿ?" ಅನ್ನುತ್ತಿದ್ದಳು. ಹತ್ತನೆಯ ವರ್ಗದ ದೀಪಾವಳಿ ರಜೆಗೆ ಊರಿಗೆ ಹೊರಟಾಗಲೂ ಅಲ್ಲೊಂದು ಲೆಕ್ಕ ಅರ್ಧ ಉಳಿದಿತ್ತು. ಬಸ್ ಬಂತು ಅಂತ ಶಾಂತಾ ಕೂಗಿದಳು. "ಇರ್ಲಿ, ಬಂದು ಬಿಡಸ್ತೀನಿ. ಯಾರೂ ಅಳಸಬ್ಯಾಡ್ರಿ ಮತ್ತ," ಅಂದು ಓಡಿದಳು.

ರಜೆ ಮುಗಿದ ಮೊದಲ ದಿನ ನಾನು, ಶಾಂತಾ ಬಸ್ ಸ್ಟ್ಯಾಂಡಿಗೆ ಹೋದೆವು. ನೀಲಾ ಇಳಿಯಲಿಲ್ಲ. ಹಸಿರು ಬಟ್ಟೆಯ ಗಂಟು ಮಾತ್ರ ಬಂದಿತ್ತು. ಹಬ್ಬದ ನಂತರ ಆ ದಾರಿಗೆ ಹೊಸ ಕಂಡಕ್ಟರ್ ಬಂದಿದ್ದ, ಅವನಿಗೆ ಏನೂ ಗೊತ್ತಿಲ್ಲ. "ಒಬ್ಬಾಕಿ ಹೆಣಮಗಳು ಕೊಟ್ಟಳು, ಕಲ್ಯಾಣಕ್ಕ ಅಂದಳು," ಅಂದ.

"ಬುತ್ತಿ ಬಂದ ಮ್ಯಾಲ ಆಕೀನೂ ಬಂದೇ ಬರ್ತಾಳ. ಹುಮನಾಬಾದದಾಗ ಬಸ್ ತಪ್ಪಿರಬೇಕು," ಅಂದಳು ಶಾಂತಾ. ಅದು ಸರಿಯೇ ಅನ್ನಿಸಿತು. ತಾಯಿ ಬುತ್ತಿ ಕಳಿಸಿದ್ದಾಳೆ ಅಂದ ಮೇಲೆ ಮಗಳು ದಾರಿಯಲ್ಲಿದ್ದಾಳೆ ಅಂತಲೇ ಅಲ್ಲವೇ? ಸಾಲಿ ಬಿಡುವ ತನಕ ಡಬ್ಬಿಯನ್ನು ಮುಟ್ಟದೆ ಇಟ್ಟೆವು. ಕೊನೆಗೆ ಆಯಿಯೇ ಅಂದಳು, ರೊಟ್ಟಿ ಒಣಗ್ತಾವ, ನೀವ ಉಣ್ರಿ, ಆಕಿ ಬಂದ್ರ ನಾ ಬಿಸಿದು ಬಡದ ಹಾಕ್ತೀನಿ. ಉಂಡೆವು. ಆಯಿ ಡಬ್ಬಿ ತೊಳೆದಳು, ಗೂಡಿನಿಂದ ಬೆಲ್ಲ ತೆಗೆದಳು, ರೂಢಿಯಂತೆ ಒಳಗೆ ಹಾಕಿದಳು. ಇಡಿ ತುಣುಕು. ಅದನ್ನು ಸಂಜೆಯ ಬಸ್ಸಿಗೆ ಕೊಟ್ಟು ಬಂದವಳು ನಾನೇ. ಮರುದಿನವೂ ಗಂಟು ಬಂತು, ನೀಲಾ ಬರಲಿಲ್ಲ. ಅದರ ಮರುದಿನ ಬುತ್ತಿ ತೆಗೆದುಕೊಂಡು ನೇರ ಸಾಲಿಗೇ ಹೋದೆವು. ಪ್ರಾರ್ಥನೆ ಮುಗಿದ ಮೇಲೆ ಹೆಡ್ ಮಿಸ್ಟ್ರೆಸ್ ಬಾಯಿಯವರು ಕನ್ನಡಕ ತೆಗೆದು ಒರೆಸಿದರು. ಹತ್ತನೆಯ ವರ್ಗದ ನೀಲಮ್ಮ ಕಾಮಾಲೆಯಾಗಿ ಹಬ್ಬದ ರಜೆಯಲ್ಲೇ ತೀರಿಕೊಂಡಳು ಅಂದರು. ಎಲ್ಲರೂ ತಲೆ ತಗ್ಗಿಸಿ ನಿಂತೆವು. ನನ್ನ, ಶಾಂತಾಳ ಕಾಲುಗಳ ನಡುವೆ ಹಸಿರು ಗಂಟು. ಡಬ್ಬಿ ಇನ್ನೂ ಬೆಚ್ಚಗಿತ್ತು. ನನ್ನ ಪಾದಕ್ಕೆ ತಾಗುತ್ತಿತ್ತು, ನಾನು ಸರಿಸಿಕೊಳ್ಳಲಿಲ್ಲ.

ಅವತ್ತು ನಮ್ಮ ಅಡುಗೆಮನೆಯಲ್ಲಿ ಆದ ಜಗಳ ನನ್ನ ಕಿವಿಯಲ್ಲಿ ಇನ್ನೂ ಇದೆ. ಅವ್ವ ಆಯಿಗೆ ಎದುರಾಡಿದ್ದನ್ನು ನಾನು ನೋಡಿದ್ದೇ ಆಗ.

"ಅತ್ತಿ, ಇದು ಸತ್ತಾಕಿ ಪಾಲಿನ ಕೂಳ. ನನ್ನ ಮಗಳ ಬಾಯಾಗ ಹಾಕಬ್ಯಾಡ್ರಿ. ಮೈಗಿ ಹತ್ತಂಗಿಲ್ಲ, ಹತ್ತಿದ್ರ ಬಿಡಂಗಿಲ್ಲ."

"ಲಿಂಗದಾಗ ಹೋದ ಕೂಸ ಅದು, ಯಾರಿಗಿ ಬಡಕೊಂತದ? ಆ ತಾಯಿ ಕೈ ಇನ್ನಾ ಹಿಟ್ಟ ನಾದಾಕತ್ತದ. ಡಬ್ಬಿ ತುಂಬಿದ್ದು ತುಂಬಿದಂಗ ಹೋದ್ರ ಆ ಕೈ ಏನ ಮಾಡಬೇಕ ಹೇಳು?"

"ಹಂಗಾದ್ರ ಯಾರರೇ ಹೋಗಿ ಹೇಳಿ ಬರ್ಲಿ. ಇಲ್ಲಿ ನಿಮ್ಮ ಮಗಳಿಲ್ಲ, ಬುತ್ತಿ ಕಳಸಬ್ಯಾಡ್ರಿ ಅಂತ."

"ಏ ಹುಚ್ಚಿ, ಮಣ್ಣ ಕೊಟ್ಟಾಕಿಗಿ ನೀ ಹೋಗಿ ಹೇಳ್ತಿ ಏನ?"

ಅಪ್ಪ ಟೋಪಿ ಹಾಕಿಕೊಂಡು ಅಂಗಡಿಗೆ ಹೋದ. ಮನೆಯಲ್ಲಿ ದನಿ ಏರಿದಾಗಲೆಲ್ಲ ಅವನಿಗೆ ಅಂಗಡಿ ನೆನಪಾಗುತ್ತಿತ್ತು. ಶಾಂತಾ ಖೋಲಿಯ ಮೂಲೆಯಲ್ಲಿ ಮುಖ ಮುಚ್ಚಿ ಕೂತಿದ್ದಳು, ಅವಳಿಗೆ ತುತ್ತು ಇಳಿಯುವ ಹಾಗಿರಲಿಲ್ಲ. ಆಯಿ ನನ್ನ ಮುಂದೆ ತಾಟು ಇಟ್ಟಳು. "ಪ್ರಸಾದ ಅಂತ ಉಣ್ಣು. ಒಂದ ತುತ್ತ ಬಿಡಬ್ಯಾಡ," ಅಂದಳು. ಅವ್ವ ನನ್ನನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. ನಾನು ಉಂಡೆ.

ಅಲ್ಲಿಂದ ಮುಂದೆ ದಿನಾ ಬುತ್ತಿ ಬಂತು, ದಿನಾ ಉಂಡೆ. ಅಡುಗೆಮನೆಯಲ್ಲಿ ಅವ್ವನ ಕಣ್ಣೆದುರು ಬೇಡ ಅಂತ ಖೋಲಿಯಲ್ಲಿ, ನೀಲಾಳ ಗೋಣಿತಟ್ಟಿನ ಮೇಲೆ ಕೂತು, ಆ ಅರ್ಧ ಲೆಕ್ಕದ ಬಾಗಿಲಿಗೆ ಮುಖ ಮಾಡಿ ಉಣ್ಣುತ್ತಿದ್ದೆ. ನಂಬುವುದಿದ್ದರೆ ನಂಬ್ರಿ, ಬಿಡುವುದಿದ್ದರೆ ಬಿಡ್ರಿ. ಕಟಕ ರೊಟ್ಟಿ ಮುರಿದರೆ ಸದ್ದಾಗುತ್ತದಲ್ಲ, ಆ ಸದ್ದು ನನಗೆ ಎರಡು ಸಲ ಕೇಳುತ್ತಿತ್ತು. ಒಂದು ನನ್ನ ಕೈಯಲ್ಲಿ, ಆಮೇಲೆ ಜರಾ ಹೊತ್ತು ಬಿಟ್ಟು ಇನ್ನೊಂದು ನನ್ನ ಎಡಗಡೆ. ತಿರುಗಿ ನೋಡಿದರೆ ಗೋಡೆ, ಗೂಟಕ್ಕೆ ನೇತು ಹಾಕಿದ ಶಾಂತಾಳ ಲಂಗ. ಅಂಜಿಕೆ ಆಯಿತೇ ಅಂತ ಕೇಳಿದರೆ, ಆಯಿತು. ಆದರೆ ಅದಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿತ್ತು, ಯಾಕೆಂದರೆ ರೊಟ್ಟಿ ರುಚಿಯಾಗಿಯೇ ಇರುತ್ತಿತ್ತು. ಮೊದಲ ತುಂಡು ಮುರಿದು ಎಡಕ್ಕೆ ಇಟ್ಟು ಆಮೇಲೆ ಉಣ್ಣುವುದನ್ನು ನಾನು ಆಗಲೇ ಕಲಿತದ್ದು. ಕಡ್ಡಿಯ ಹಾಗಿದ್ದ ನನ್ನ ಮೈ ಆ ಚಳಿಗಾಲದಲ್ಲಿ ತುಂಬಿಕೊಂಡಿತು. ಓಣಿಯವರೆಲ್ಲ ಹುಡುಗಿ ದುಂಡಗ ಆದಳು ಅಂದರೆ ಅವ್ವ ನನ್ನ ತೋಳು ಹಿಡಿದು ನೋಡಿ ಬಾಯಿ ಒಣಗಿಸಿಕೊಳ್ಳುತ್ತಿದ್ದಳು. ತೋಳಿಗೆ ಕರೀ ದಾರ ಕಟ್ಟಿದಳು. ಮೈಗೆ ಹತ್ತಿತ್ತು ನೋಡ್ರಿ. ಅವಳ ಮಾತಿನ ಇನ್ನರ್ಧ ನಿಜವಾಗುತ್ತದೆ ಅನ್ನುವುದೇ ಅವಳ ಭಯ.

ಡಬ್ಬಿಗೆ ಬೆಲ್ಲ ಹಾಕುವ ಕೆಲಸ ಈಗ ನನ್ನದು. ಒಂದು ಸಂಜೆ ಶಾಂತಾ ಪಕ್ಕಕ್ಕೆ ಬಂದು ನಿಂತಳು.

"ಲೇ, ಒಂದ ಮೂಲಿ ಕಚ್ಚಿ ಕಳಸಲೇ. ಆ ತಾಯಿಗಿ ಜರಾ ಸಮಾಧಾನ ಆಗ್ತದ."

"ಆಗಂಗಿಲ್ಲ."

"ಯಾಕ ಆಗಂಗಿಲ್ಲ? ರೊಟ್ಟಿ ತಿಂತಿ, ಬೆಣ್ಣಿ ತಿಂತಿ, ಒಂದ ಹಲ್ಲ ಊರಾಕ ನಿಂಗೇನ ಧಾಡಿ?"

"ರೊಟ್ಟಿ ಆಕಿ ಕಳಸಿದ್ದು. ಇದು ನೀಲಾಂದು. ನಂದಲ್ಲ."

ಶಾಂತಾ ಸಿಟ್ಟು ಮಾಡಿಕೊಂಡು ಎಷ್ಟೋ ದಿನ ಮಾತು ಬಿಟ್ಟಳು. ಅವಳು ಅಂದದ್ದು ನನ್ನ ತಲೆಯಲ್ಲಿ ಹೊಕ್ಕಿರಲಿಲ್ಲ ಅಂತಲ್ಲ. ಒಮ್ಮೆ ಯಾರೂ ಇಲ್ಲದಾಗ ತುಣುಕನ್ನು ತುಟಿಯ ತನಕ ತಂದೆ. ಗೂಡಿನ ಮುಂದೆ ಯಾರೋ ತುದಿಗಾಲಲ್ಲಿ ನಿಂತ ಹಾಗಾಯಿತು. ಲಂಗದ ಅಂಚಿನಿಂದ ಒರೆಸಿ ಇಡಿಯಾಗಿಯೇ ಹಾಕಿ ಕಳಿಸಿದೆ.

ಸುಗ್ಗಿಯ ಹೊತ್ತಿಗೆ ಆಯಿ ಮೋರಖಂಡಿಯ ತವರಿಗೆ ಹೋದಳು. ಅವ್ವ ಕಾಯುತ್ತಿದ್ದದ್ದೇ ಅದಕ್ಕೆ. ಮಧ್ಯಾಹ್ನ ಡಬ್ಬಿ ಬಚ್ಚಿಟ್ಟು, ನಾನು ಸಂಜೆ ಸಾಲಿಯಿಂದ ಬರುವಷ್ಟರಲ್ಲಿ ಅದನ್ನು ಬಿಚ್ಚದೆ ಇದ್ದ ಹಾಗೇ ಸಂಜೆಯ ಬಸ್ಸಿಗೆ ಕೊಟ್ಟು ಬಂದಿದ್ದಳು. ಮರುದಿನ ಗಂಟು ಬರಲಿಲ್ಲ. ಅವ್ವನ ಮುಖ ಅರಳಿತು, ಮುಗೀತು ನೋಡು ಅಂದಳು. ಮಧ್ಯಾಹ್ನ ಉಣ್ಣಲು ಮನೆಗೆ ಬಂದಾಗ ಬಂಕದ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ತಲೆ ತುಂಬ ಸೆರಗು, ಧೂಳು ಮೆತ್ತಿದ ಕಾಲು, ಕೈಯಲ್ಲಿ ಹಸಿರು ಬಟ್ಟೆಯ ಗಂಟು. ನೀಲಾಳ ಅದೇ ಗಲ್ಲ, ಅದೇ ಹುಬ್ಬು. ನಾನು ಕಂಬ ಹಿಡಿದುಕೊಂಡೆ. ಅವ್ವ ಒಳಗಿನಿಂದ ಬಂದವಳು ಹೊಸ್ತಿಲಲ್ಲೇ ನಿಂತಳು.

"ನಿನ್ನಿ ಡಬ್ಬಿ ಹಂಗೇ ಬಂತವಾ," ಅಂದಳು ನೀಲಾಳ ತಾಯಿ. "ಉಣ್ಣಾಕಿಗಿ ಆರಾಮ ಇಲ್ಲೇನೋ ಅಂತ ನೋ‌ಡಾಕ ಬಂದೆ. ಯಾರ ಉಣ್ಣಾಕಿ?"

ಅವ್ವನ ಕೈ ನನ್ನನ್ನು ಹಿಂದಕ್ಕೆ ಎಳೆಯಿತು. ಆಮೇಲೆ ಏನನ್ನಿಸಿತೋ, ತಾನೇ ಬಿಟ್ಟಿತು. "ನನ್ನ ಮಗಳು ಯಕ್ಕಾ. ಆಕಿಗಿ ಆರಾಮ ಅದ. ನಂಗ ಅಂಜಿಕಿ ಆತು. ನಾನೇ ವಾಪಸ್ ಕಳಿಸಿದೆ."

"ಅಂಜಿಕಿ ಆಗ್ತದವಾ. ಮಕ್ಕಳ ಇದ್ದಾಕಿಗಿ ಆಗಲಾರದ ಏನ." ಅವಳು ಕಟ್ಟೆಯ ಮೇಲೆ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. "ಸಾಲಿ ಚಾಲೂ ಆಗೋ ದಿನ ನಸುಕಿನ್ಯಾಗ ಎದ್ದೆ. ಕೈ ತಾನೇ ರೊಟ್ಟಿ ಬಡೀತು. ಬಸ್ಸಿಗಿ ಕೊಟ್ಟು ತಿರಗಿ ಬರೋವಾಗ ಎಚ್ಚರ ಆತು, ಯಾರಿಗಿ ಕೊಟ್ಟೆ ನಾ ಅಂತ. ಸಂಜಿಕ ಡಬ್ಬಿ ಬಂತು. ಬಿಚ್ಚಿದೆ. ಬೆಲ್ಲ ಇಡಿ ಇತ್ತು. ಆವಾಗ ನೋಡವಾ, ಆವಾಗ ಖರೇ ಅನಸ್ತು ನನ್ನ ಕೂಸ ಹೋತಂತ. ಮಣ್ಣ ಕೊಟ್ಟಾಗ ಸುದ್ದಾ ಅನಸಿದ್ದಿಲ್ಲ."

ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ಅಳತೊಡಗಿದಳು. ನೀಲಾಳ ತಾಯಿ ಅಳಲಿಲ್ಲ. ಅವಳು ನನ್ನನ್ನು ನೋಡುತ್ತಿದ್ದಳು.

"ಆದ್ರ ರೊಟ್ಟಿ ಯಾರೋ ಉಂಡಿದ್ರು. ಮುಂಜಾನಿ ಏಳಾಕ ನಂಗ ಅದೊಂದ ನೆವ ಸಿಕ್ತು. ಮ್ಯಾಟ್ರಿಕ್ ಮುಗಿಯೋ ತನಾ ಬುತ್ತಿ ಕಳಸ್ತೀನಂತ ಆಕಿಗಿ ಮಾತ ಕೊಟ್ಟೀನಿ. ಅಲ್ಲಿ ತನಾ ಕಳಸ್ತೀನಿ, ಆಮ್ಯಾಲ ಬಿಡ್ತೀನಿ. ನೀ ಉಣ್ಣು ತಂಗಿ. ಆದ್ರ ಪಾಸಾಗಬೇಕ ನೋಡು."

ಒಳಗೆ ಹೋಗಿ ತಾಟು ತಂದವಳು ಅವ್ವ. ಹಸಿರು ಗಂಟು ಬಿಚ್ಚಿ ಬಡಿಸಿದವಳೂ ಅವಳೇ. ನಾನು ಉಂಡು ಮುಗಿಸುವ ತನಕ ಇಬ್ಬರು ತಾಯಂದಿರು ಎದುರಿಗೆ ಕೂತು ನೋಡಿದರು. ಅವತ್ತು ಎಡಗಡೆ ಏನೂ ಸದ್ದಾಗಲಿಲ್ಲ. ಅವ್ವ ಡಬ್ಬಿ ತೊಳೆದು ಗೂಡಿನಿಂದ ಬೆಲ್ಲ ತೆಗೆದು ಹಾಕಿ ಕೊಟ್ಟಳು. ನೀಲಾಳ ತಾಯಿ ಹೊರಡುವಾಗ ಖೋಲಿಯ ಒಳಗೆ ಒಂದು ಸಲ ಇಣುಕಿ ಬಾಗಿಲ ಹಿಂಬದಿಯ ಸೀಮೆಸುಣ್ಣದ ಬರಹ ನೋಡಿದಳು. ಓದಲು ಬರುತ್ತಿರಲಿಲ್ಲ ಅವಳಿಗೆ. "ಇದು ಆಕಿ ಕೈ ಅಲ್ಲೇನ?" ಅಂದಳು. ಹೌದು ದೊಡ್ಡವ್ವ ಅಂದೆ. ಅದು ಏನು ಅಂತ ಕೇಳಲಿಲ್ಲ.

ಆ ಲೆಕ್ಕವನ್ನು ನಾನು ಬಿಡಿಸಿದೆ. ಇಲ್ಲಿಂದ ಇಲ್ಲಿಗಿ ಜಿಗದ್ರ ಮುಗೀತು ಅನ್ನುವ ಮಾತು ಹಿಡಿದುಕೊಂಡು, ಅತ್ತು ಕರೆದು, ಪರೀಕ್ಷೆಗೆ ಮುಂಚೆ ಬಿಡಿಸಿ ಕೆಳಗಿನ ಗೆರೆ ಎಳೆದೆ. ಕೊನೆಯ ಪೇಪರಿನ ದಿನ ಡಬ್ಬಿಯಲ್ಲಿ ಹೋಳಿಗೆ ಬಂದಿತ್ತು. ಬೆಲ್ಲ ಹಾಕಿ ವಾಪಸ್ ಕಳಿಸಿದೆ, ಮರುದಿನ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ. ಹೇಳಿದ ಮಾತಿನಂತೆ ಗಂಟು ಬರಲಿಲ್ಲ. ಫಲಿತಾಂಶ ಬಂದಾಗ, ಹೋಗಿ ಹೇಳಿ ಬರ್ತೀನಿ ಅಂತ ಅವ್ವನ ಮುಂದೆ ಹಟ ಹಿಡಿದೆ. ಅವ್ವ ಮೆತ್ತಗೆ ಅಂದಳು, ಬ್ಯಾಡ. ಆಕಿ ಹಗರಾಗಿ ಕುಂತಾಳ. ನೀ ಎದುರಿಗಿ ಹೋಗಿ ನಿಂತ್ರ ನನ್ನ ಮಗಳ ಪಾಲು ಉಂಡು ಬೆಳದಾಕಿ ಇಕಿ ಅಂತ ಎದಿ ಉರೀತದ. ಆಕಿದೂ ತಪ್ಪಲ್ಲ. ಈ ಮಾತು ನನ್ನೊಳಗೆ ಗೂಟ ಹೊಡೆದ ಹಾಗೆ ಕೂತಿತು. ಕಲಬುರಗಿಯಲ್ಲಿ ಓದಿದೆ, ಮದುವೆಯಾದೆ, ಹೆಣ್ಮಕ್ಕಳ ಸಾಲಿಯಲ್ಲಿ ಲೆಕ್ಕ ಕಲಿಸಿ ನಿವೃತ್ತಿ ಆಗುವ ಹೊತ್ತು ಬಂತು. ಲೆಕ್ಕದ ಮಾಸ್ತರ್ತಿ ನಾನು! ಆಯಿ ಇದ್ದಿದ್ದರೆ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಇವತ್ತಿಗೂ ರೊಟ್ಟಿಯ ಮೊದಲ ತುಂಡು ತಾಟಿನ ಎಡಕ್ಕೆ ಇಡುತ್ತೇನೆ. ಯಾರಿಗಿ ಅದು ಅಂತ ನಮ್ಮ ಯಜಮಾನರು ಕೇಳಿದರೆ ಇಲಿಗಿ ಅನ್ನುತ್ತೇನೆ. ಎಡಗಡೆಯ ಸದ್ದು ಕೆಲವೊಮ್ಮೆ ಈಗಲೂ ಆಗುತ್ತದೆ. ಅದು ನೀಲಾಳೋ, ಅವಳ ತಾಯಿಯ ಉರಿಯುವ ಎದೆಯೋ, ಇಷ್ಟು ವರ್ಷ ನನಗೆ ತಿಳಿಯಲಿಲ್ಲ.

ಶಾಂತಾ ಹುಮನಾಬಾದಿಗೆ ಸೊಸೆಯಾಗಿ ಹೋಗಿ ಬಳೆ ಅಂಗಡಿ ಇಟ್ಟಿದ್ದಾಳೆ. ಹೋದ ವರ್ಷ ಅವಳೇ ಎಲ್ಲರ ನಂಬರ್ ಹುಡುಕಿ ವಾಟ್ಸಾಪ್ ಗುಂಪು ಮಾಡಿ, ಮಾಳಿಗೆಯ ಮೇಲೆ ಪೆಂಡಾಲ್ ಹಾಕಿಸಿ ನಮ್ಮನ್ನೆಲ್ಲ ಕರೆದಳು. ಹೋದೆವು. ಮೊಣಕಾಲು ಹಿಡಿದು ಮೆಟ್ಟಿಲು ಹತ್ತಿದೆವು. "ಯವ್ವಾ, ಯಾರ ಗುರ್ತ ಹಿಡೀಲಿ, ಎಲ್ಲಾರೂ ಜೋಳದ ಚೀಲ ಆಗೀರಿ," ಅಂದಳು ಶಾಂತಾ. ಊಟಕ್ಕೆ ಮೊದಲು ಸಾಲಿಯಂತೆ ಹಾಜರಿ ಕೂಗೋಣ ಅಂತ ತಮಾಷೆ ಶುರು ಮಾಡಿದಳು. ಬಾಯಿಪಾಠ ಇತ್ತು ಅವಳಿಗೆ. ಒಬ್ಬೊಬ್ಬರೂ ಲಂಗದ ಹುಡುಗಿಯರ ಹಾಗೆ ಎದ್ದು "ಹಾಜರ್ ರೀ" ಅಂದು ನಕ್ಕು ಕೂರುತ್ತಿದ್ದರು. ಅದೇ ಓಘದಲ್ಲಿ ಶಾಂತಾ ನನ್ನ ಹೆಸರಿಗಿಂತ ಒಂದು ಹೆಸರು ಮೊದಲು, "ನೀಲಮ್ಮ" ಅಂದುಬಿಟ್ಟಳು. ಎಲ್ಲರೂ ತಿರುಗಿ ನೋಡಿದ್ದು ನನ್ನನ್ನು. ಇಷ್ಟು ವರ್ಷವಾದರೂ ಅವರಿಗೆಲ್ಲ ನಾನು ಆ ಡಬ್ಬಿ ಉಂಡವಳೇ.

ಶಾಂತಾ ನನ್ನ ಪಕ್ಕಕ್ಕೆ ಬಂದು ಕೂತಳು. "ತಪ್ಪಾತಲೇ. ಬಾಯಾಗ ಬಂದ್ಬಿಡ್ತು." ಆಮೇಲೆ ದನಿ ತಗ್ಗಿಸಿದಳು. "ಆಕಿ ಅವ್ವ ಇನ್ನಾ ಅದಾಳ, ಗೊತ್ತದ ಏನ? ಬಳಿ ಹಾಕ್ಕೊಳ್ಳಾಕ ಆ ಊರ ಮಂದಿ ಬರ್ತಾರ, ಹೇಳ್ತಾರ. ನಾಳಿಗಿ ಹೋಗಣೇನು?"

ಬೆಳಿಗ್ಗೆ ಎದ್ದು ಶಾಂತಾಳ ಅಡುಗೆಮನೆಯಲ್ಲಿ ನಾನೇ ರೊಟ್ಟಿ ಬಡಿದೆ. ಎಳ್ಳು ಹಚ್ಚಿದೆ, ಹಿಂಡಿ ಕುಟ್ಟಿದೆ. ಹಸಿರು ಬಟ್ಟೆ ಹುಡುಕಿದರೆ ಸಿಗಲಿಲ್ಲ, ಒಂದು ಟವೆಲ್ಲಿನಲ್ಲಿ ಡಬ್ಬಿ ಕಟ್ಟಿಕೊಂಡು ಇಬ್ಬರೂ ಚಿಟಗುಪ್ಪದ ಬಸ್ ಹತ್ತಿದೆವು. ಮನೆ ತುಂಬ ಜನ, ಅಂಗಳದಲ್ಲಿ ಕುರಿಮರಿಗಳ ಗದ್ದಲ. ನೀಲಾಳ ತಾಯಿ ಬಿಸಿಲಲ್ಲಿ ಕಾಲು ಚಾಚಿ ಕೂತು ಮರಿಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಮುದುಕಿ ಒಣಗಿ ಸಣ್ಣಗಾಗಿದ್ದಳು. ಬಾಯಲ್ಲಿ ಮುಂದಿನ ಎರಡು ಹಲ್ಲು ಬಿಟ್ಟರೆ ಬೇರೆ ಇರಲಿಲ್ಲ. ಹುಬ್ಬು ಮಾತ್ರ ಅದೇ.

"ಯಾರವಾ?"

"ಕಲ್ಯಾಣದಾಕಿ, ದೊಡ್ಡವ್ವ. ಡಬ್ಬಿ ಉಂಡಾಕಿ."

ಕೂಸಿನ ಬೆನ್ನ ಮೇಲೆ ಓಡುತ್ತಿದ್ದ ಕೈ ನಿಂತಿತು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಪಾಸಾದಿ?" ಅಂದಳು.

"ಹೂಂ, ದೊಡ್ಡವ್ವ."

"ಲೆಕ್ಕದಾಗ?"

"ಲೆಕ್ಕದಾಗ ಸುದ್ದಾ. ಮುಂದ ಅದನ್ನೇ ಕಲಿಸಿದೆ, ಹೆಣ್ಮಕ್ಕಳಿಗಿ."

ತಲೆಯಾಡಿಸಿ ಕೂಸನ್ನು ಮೊಮ್ಮಗನ ಹೆಂಡತಿಗೆ ಕೊಟ್ಟಳು. ಆಗ ನನಗೆ ತಡೆಯಲಾಗಲಿಲ್ಲ, ಇಷ್ಟು ವರ್ಷ ಹೊತ್ತದ್ದು ಒಂದೇ ಉಸಿರಿಗೆ ಬಂತು. "ನೀಲಾನ ಪಾಲ ನಾ ಉಂಡು ಬೆಳದೆ. ನಿಮಗ ನನ್ನ ಮ್ಯಾಲ ಎದಿ ಉರಿಯಂಗಿಲ್ಲೇನ್ರಿ?" ಅವಳು ಕೇಳಿಸಿಕೊಂಡಳೋ ಇಲ್ಲವೋ. "ಅದೇನ ಕಟ್ಟಿಕೊಂಡ ಬಂದೀದಿ, ಬಿಚ್ಚು," ಅಂದಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ದಪ್ಪ ಆಗ್ಯಾವ, ಎಳ್ಳ ಚಂದ ಹಚ್ಚೀದಿ ಅಂತ ತೀರ್ಪು ಕೊಟ್ಟಳು. ಹಾಲಲ್ಲಿ ಮುರಿದು ನೆನೆಸಿ ನಿಧಾನಕ್ಕೆ ಪೂರಾ ಉಂಡಳು. ನಾನು ಎದುರಿಗೆ ಕೂತು ನೋಡಿದೆ. ಮುಗಿದ ಮೇಲೆ ಸೊಸೆ ಡಬ್ಬಿಗೆ ಕೈ ಹಾಕಿದರೆ ಬಿಡಲಿಲ್ಲ, ತಾನೇ ಗೋಡೆ ಹಿಡಿದು ಎದ್ದು ಬಚ್ಚಲಿಗೆ ಹೋಗಿ ತೊಳೆದಳು. ಅಡುಗೆಮನೆಗೆ ಹೋದಳು. ಹೊರಗೆ ಬರಲು ಹೊತ್ತಾಯಿತು. ಗಂಟು ಕಟ್ಟಿ ನನ್ನ ಕೈಯಲ್ಲಿಟ್ಟು, "ನಡೀರಿ ಇನ್ನ, ಬಸ್ ತಪ್ತದ," ಅಂದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಡಬ್ಬಿಯಲ್ಲಿ ಏನೋ ಕಟಕಟ ಉರುಳುತ್ತಿತ್ತು. ಬೆಲ್ಲ ಅಂತ ಗೊತ್ತು, ಇನ್ನೇನಿರುತ್ತದೆ? ಆದರೂ ಟವೆಲ್ ಬಿಚ್ಚಿ ಮುಚ್ಚಳ ತೆಗೆದೆ. ಒಂದು ತುಣುಕು ಬೆಲ್ಲ. ಅದರ ಒಂದು ಮೂಲೆಯನ್ನು ಕಚ್ಚಿ ಇಟ್ಟಿದ್ದಳು. ಎರಡೇ ಹಲ್ಲಿನ ಗುರುತು, ಇನ್ನೂ ಹಸಿಯಾಗಿತ್ತು.

"ಏನದಲೇ? ತೋರ್ಸು," ಅಂದಳು ಶಾಂತಾ, ಕೈ ಚಾಚಿ.

ನಾನು ಡಬ್ಬಿಯನ್ನು ಎದೆಗೆ ಒತ್ತಿಕೊಂಡೆ.

"ಇದು ನಂದು," ಅಂದೆ.